ಇಬ್ಬರು ಕಾಫಿ ವ್ಯಾಪಾರಿಗಳು, ಇಬ್ಭಾಗವಾದ ಊರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮೂಡಿಗೆರೆ ಕಡೆಯ ಕಾಫಿ ವ್ಯಾಪಾರಿ, ಐವತ್ತರ ಆಸುಪಾಸಿನವರು. ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಮನೆಯಲ್ಲಿ ಮಾತೆತ್ತಿದರೆ ಸಿಟ್ಟು. ಹೃದಯಕ್ಕೆ ತೊಂದರೆಯಿಲ್ಲವೆಂದು ಖಚಿತವಾದ ಮೇಲೆ ಚಿಕ್ಕಮಗಳೂರಿನ ವೈದ್ಯರು ಆಪ್ತಸಲಹೆಗೆಂದು ನನ್ನ ಬಳಿ ಕಳಿಸಿದ್ದರು. ಏನು ಕೇಳಿದರೂ ಮಾತು ಒಬ್ಬರ ಹತ್ತಿರವೇ ಬಂದು ನಿಲ್ಲುತ್ತಿತ್ತು: ಅದೇ ಊರಿನಲ್ಲಿ ಕಾಫಿ ಕೊಳ್ಳುವ ಅವರ ಷಡ್ಡಕ.

ಹಿಂದೆ ಬೆಳೆ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಹೋಗುತ್ತಿತ್ತು. 1996ರ ಹೊತ್ತಿಗೆ ಆ ಪದ್ಧತಿ ಮುಗಿದು, ಯಾರಿಗೆ ಮಾರಬೇಕೆಂಬುದು ಬೆಳೆಗಾರರ ಕೈಗೆ ಬಂತು. ಸಣ್ಣ ಬೆಳೆಗಾರರು ಗೊಬ್ಬರಕ್ಕೆ, ಆಳಿನ ಕೂಲಿಗೆ, ಮಕ್ಕಳ ಫೀಸಿಗೆಂದು ಕೊಯ್ಲಿಗೆ ಮೊದಲೇ ವ್ಯಾಪಾರಿಯಿಂದ ಮುಂಗಡ ಪಡೆಯುವುದುಂಟು. ಹೀಗಾಗಿ ಅಲ್ಲಿ ವ್ಯಾಪಾರವೂ ನಂಟೂ ಹೆಣೆದುಕೊಂಡೇ ಇರುತ್ತವೆ. ಷಡ್ಡಕ ಗೋದಾಮು ತೆರೆದು ಚೀಲಕ್ಕೆ ಸ್ವಲ್ಪ ಹೆಚ್ಚು ಕೊಡತೊಡಗಿದಾಗ ಇವರಿಗೆ ಅದು ದರದ ಮಾತಾಗಿ ಕಾಣಲಿಲ್ಲ, ದ್ರೋಹವಾಗಿ ಕಂಡಿತು.

ಅಲ್ಲಿಂದ ಮುಂದೆ, ಷಡ್ಡಕನಿಗೆ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಹಾಕಿದವರ ಮನೆ ಮದುವೆಗೆ ಇವರು ಹೋಗಲಿಲ್ಲ. ಅವರ ಲೋಡು ಹೊತ್ತ ಲಾರಿಗೆ ಇವರ ಲೋಡು ಇಲ್ಲ. ತೋಟದ ಲೆಕ್ಕ ಬರೆಯುವ ರೈಟರು ಯಾರ ಜೊತೆ ಟೀ ಕುಡಿದರೆಂಬುದೂ ಲೆಕ್ಕಕ್ಕೆ ಬಂತು. "ಸ್ವಂತ ಅಕ್ಕನ ಹತ್ರ ಮಾತಾಡೋಕೆ ಹಿತ್ತಲಿಗೆ ಹೋಗ್ಬೇಕು ಮೇಡಂ," ಎಂದರು ಹೆಂಡತಿ. ಗೆಳೆಯನ ಶತ್ರು ನನಗೂ ಶತ್ರುವಾದರೆ ಮಾತ್ರ ಮನಸ್ಸಿಗೆ ಸಮಾಧಾನ ಎಂಬುದನ್ನು ಮನಃಶಾಸ್ತ್ರಜ್ಞ ಫ್ರಿಟ್ಜ್ ಹೈಡರ್ 1946ರಲ್ಲೇ ವಿವರಿಸಿದ್ದರು. ಇಲ್ಲಿ ಇಡೀ ಊರು ಆ ಲೆಕ್ಕಕ್ಕೆ ಸಿಕ್ಕಿತ್ತು. ಪೈಪೋಟಿ ಇದ್ದದ್ದು ಇಬ್ಬರ ನಡುವೆ, ಸಂಬಂಧ ಕಳೆದುಕೊಂಡವರು ಎಷ್ಟೋ ಮಂದಿ.

ಒಂದು ಹಾಳೆ ಕೊಟ್ಟು, ಮೂರು ಸಾಲಿನಲ್ಲಿ ಹೆಸರು ಬರೆಯಲು ಹೇಳಿದೆ: ನಿಮ್ಮ ಮನೆಗೆ ಬರುವವರು, ಅವರ ಮನೆಗೆ ಹೋಗುವವರು, ಎರಡೂ ಕಡೆ ಓಡಾಡುವವರು. ಮೂರನೆಯ ಸಾಲಿನಲ್ಲಿ ಉಳಿದದ್ದು ಒಬ್ಬನೇ, ಇಬ್ಬರಿಗೂ ಸರಕು ಕುದುರಿಸಿ ಕಮಿಷನ್ ಪಡೆಯುವ ದಲ್ಲಾಳಿ. ಅಲ್ಲಿಯ ದರ ಇಲ್ಲಿಗೆ, ಇಲ್ಲಿಯ ಬೈಗುಳ ಅಲ್ಲಿಗೆ ತಲುಪುತ್ತಿದ್ದದ್ದು ಅವನ ಬಾಯಲ್ಲೇ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬುದನ್ನು ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮೆಲ್ 1908ರಲ್ಲಿ ಶಾಸ್ತ್ರವಾಗಿಯೇ ಬಿಡಿಸಿಟ್ಟಿದ್ದಾರೆ. ನಮ್ಮವರು ತುಂಬ ಸಿಟ್ಟಿನಿಂದ, ಬಹಳ ಹೊತ್ತು ಆ ಹೆಸರನ್ನೇ ನೋಡುತ್ತಿದ್ದರು. ಅವನನ್ನು ಬೈದು ಓಡಿಸಿದರೆ ಏನೂ ಸರಿಹೋಗದು, ಬೇರೆಯವರು ನಡುವೆ ಬಾರದಂತೆ ಮಾಡಿದ್ದು ನೀವಿಬ್ಬರೇ ಎಂದೆ.

ಪೈಪೋಟಿ ಬಿಡಿ ಎಂದು ನಾನು ಹೇಳಲಿಲ್ಲ. ಕೂತು ಒಂದೇ ದರ ಮಾಡಿಕೊಳ್ಳೋಣವೇ ಎಂದು ಅವರೇ ಕೇಳಿದಾಗ ಖಂಡಿತ ಬೇಡ ಎಂದೆ. ಇಬ್ಬರು ಕೊಳ್ಳುವವರಿದ್ದಾರೆಂದೇ ಸಣ್ಣ ಬೆಳೆಗಾರರಿಗೆ ನಾಲ್ಕು ಕಾಸು ಹೆಚ್ಚು ಸಿಗುತ್ತಿದೆ, ನಿಮ್ಮ ನೆಮ್ಮದಿಗೆ ಅವರು ಬೆಲೆ ತೆರುವುದು ನ್ಯಾಯವಲ್ಲ. ದರ, ತೂಕ, ಔಟ್‌ಟರ್ನ್ (ಚೀಲದ ಕಾಫಿಯಿಂದ ಸಿಗುವ ಶುದ್ಧ ಬೀಜದ ಪ್ರಮಾಣ), ಹಣ ಕೊಡುವ ದಿನ, ಇವುಗಳಲ್ಲಿ ಎಷ್ಟು ಬೇಕಾದರೂ ಸೆಣಸಿ. ಆದರೆ ನಿಷ್ಠೆ ಕೇಳಬೇಡಿ. ಮುಂಗಡ ತೀರಿಸಿದವರು ಯಾರಿಗೆ ಬೇಕಾದರೂ ಮಾರಲಿ, ಅದನ್ನು ನೀವೇ ಬಾಯಿಬಿಟ್ಟು ಹೇಳಿ. ದಿನದ ದರವನ್ನು ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ನೇರ ಫೋನ್ ಮಾಡಿ ತಿಳಿದುಕೊಳ್ಳಿ. ಅಕ್ಕತಂಗಿಯರ ಮಾತುಕತೆಗೆ ಗೋದಾಮಿನ ವಿಷಯ ತರಬೇಡಿ, ಏನು ಮಾತಾಡಿದಿರಿ ಎಂದು ಹೆಂಡತಿಯನ್ನು ವಿಚಾರಿಸಲೂ ಬೇಡಿ. ಈ ಕೊನೆಯದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ನಿದ್ದೆಗೆ ಬೇರೆ ಅಭ್ಯಾಸಗಳನ್ನು ಹೇಳಿಕೊಟ್ಟೆ. ರಾತ್ರಿ ಊಟವಾದ ಮೇಲೆ ದರದ ಫೋನ್ ಬೇಡವೆಂಬುದು ಅದರಲ್ಲಿ ಮುಖ್ಯ.

ಈಗ ಲಾರಿಯವನು ಎರಡೂ ಕಡೆ ಲೋಡು ಹೊರುತ್ತಿದ್ದಾನೆ. ಷಡ್ಡಕರು ಇನ್ನೂ ಮಾತಾಡಿಲ್ಲ, ನಾನೂ ಅವಸರ ಮಾಡಿಲ್ಲ. ಮುಂದಿನ ಸಲ ಹೆಂಡತಿಯೂ ಜೊತೆಗೆ ಕೂರಲಿದ್ದಾರೆ. ಅಕ್ಕನ ಮಗಳ ಮದುವೆಗೆ ಹೋಗುವ ಮಾತನ್ನು ಅವರೇ ಎತ್ತುತ್ತಾರಂತೆ.