ಬೇಕರಿಗೆ ಸೇರಲೋ, ಕೋರ್ಸ್‌ಗೆ ಸೇರಲೋ?

ಓದುಗಿಯೊಬ್ಬರ ಪತ್ರದ ಸಾರ: ಮೂರು ವರ್ಷದಿಂದ ಮನೆಯಲ್ಲಿ ಬ್ರೆಡ್, ಕೇಕ್ ಮಾಡುತ್ತಿದ್ದೇನೆ. ಇದನ್ನೇ ವೃತ್ತಿ ಮಾಡಿಕೊಳ್ಳುವಾಸೆ. ಪರಿಚಯದ ಬೇಕರಿಯವರು ಸಹಾಯಕಿಯಾಗಿ ಬಾ ಎನ್ನುತ್ತಿದ್ದಾರೆ. ಅಪ್ಪ ಮಾತ್ರ, ಸರ್ಟಿಫಿಕೇಟ್ ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ, ಮೊದಲು ಡಿಪ್ಲೊಮಾ ಮಾಡು ಎಂದು ಪಟ್ಟು ಹಿಡಿದಿದ್ದಾರೆ. ಯಾವುದು ಸರಿ? ಬೇಕರಿ ಕೆಲಸಕ್ಕೆ ಎಷ್ಟು ಹೊತ್ತಿಗೆ ಏಳಬೇಕಾಗುತ್ತದೆ?

ಸಂಪಾದಕರ ಉತ್ತರ:

ಬೇಕರಿಗೆ ಸೇರಿ. ಕೋರ್ಸ್ ಬೇಡ ಎನ್ನುತ್ತಿಲ್ಲ, ಆರು ತಿಂಗಳು ತಡವಾಗಿ ಸೇರಿ ಎನ್ನುತ್ತಿದ್ದೇನೆ.

ಪತ್ರಿಕೆಗೆ ಬರುವ ಮುಂಚೆ ನಾನೂ ಒಂದು ವರ್ಷ ಬೇಕರಿಯ ರಾತ್ರಿ ಪಾಳಿಯಲ್ಲಿದ್ದೆ. ಅಲ್ಲಿನ ಮಾಸ್ಟರ್ ಯಾವ ಕೋರ್ಸೂ ಮಾಡಿದವರಲ್ಲ. ಉಬ್ಬಿದ ಹಿಟ್ಟಿಗೆ ತೋರುಬೆರಳು ಒತ್ತಿ ನೋಡುತ್ತಿದ್ದರು. ಗುಳಿ ಥಟ್ಟನೆ ಮೇಲೆದ್ದರೆ ‘ಇನ್ನೂ ಬಿಡಿ’. ನಿಧಾನಕ್ಕೆ ಎದ್ದು ಚೂರು ಗುರುತು ಉಳಿದರೆ ‘ಓವನ್‌ಗೆ ಹಾಕಿ’. ಏಳದೇ ಹೋದರೆ ನಮಗೆ ಬೈಗುಳ. ಇಷ್ಟನ್ನು ಓದಿ ತಿಳಿಯಲು ಒಂದು ನಿಮಿಷ ಸಾಕು. ನನ್ನ ಬೆರಳಿಗೆ ತಿಳಿಯಲು ಮೂರು ತಿಂಗಳು ಹಿಡಿಯಿತು, ಅದೂ ದಿನಕ್ಕೆ ನೂರಾರು ಬ್ರೆಡ್ ಕೈದಾಟಿ ಹೋಗುತ್ತಿದ್ದುದರಿಂದ. ವಾರಕ್ಕೆ ನಾಲ್ಕು ಬ್ರೆಡ್ ಮಾಡಿಸುವ ತರಗತಿಯಲ್ಲಿದ್ದಿದ್ದರೆ ಎಷ್ಟು ಕಾಲ ಬೇಕಾಗುತ್ತಿತ್ತೋ!

ಆದರೆ ಬೇಸಿಗೆ ಬಂದಾಗ ಅದೇ ಮಾಸ್ಟರ್ ಕಕ್ಕಾಬಿಕ್ಕಿ. ಬ್ರೆಡ್ಡಿಗೆ ಹುಳಿ ವಾಸನೆ, ನೆತ್ತಿ ಕುಸಿದಿರುತ್ತಿತ್ತು. ‘ಮೈದಾ ಸರಿ ಬಂದಿಲ್ಲ’ ಎಂದು ಮೂಟೆಯ ಮೇಲೆ ಮೂಟೆ ಬದಲಿಸಿದರು. ಬೇಕಿಂಗ್ ಓದಿ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ನಾದಿದ ಹಿಟ್ಟಿಗೆ ಥರ್ಮಾಮೀಟರ್ ಚುಚ್ಚಿದಳು: 31 ಡಿಗ್ರಿ. ಇರಬೇಕಾದ್ದು 25ರ ಆಸುಪಾಸು. ಮೈದಾ ಚೀಲದ ಮೇಲೇ ಲೆಕ್ಕ ಬರೆದಳು. ಕೋಣೆ, ಮೈದಾ, ನೀರು ಮೂರರ ಸರಾಸರಿ 25 ಬರಬೇಕು; 25ರ ಮೂರು ಪಟ್ಟು 75, ಅದರಲ್ಲಿ ಕೋಣೆಯ 32, ಮೈದಾದ 30 ಕಳೆದರೆ 13. ನೀರು 13 ಡಿಗ್ರಿ ಇರಬೇಕು; ನಾದುವ ಯಂತ್ರದ ತಿಕ್ಕಾಟಕ್ಕೂ ಹಿಟ್ಟು ಬಿಸಿಯಾಗುವುದರಿಂದ ಇನ್ನೂ ತಣ್ಣಗಿದ್ದರೆ ಒಳ್ಳೆಯದು. ನೀರಿಗೆ ಐಸ್ ಸುರಿದೆವು, ನೆತ್ತಿ ಕುಸಿಯುವುದು ನಿಂತಿತು. (ಅವಳು ಒಂದು ಉಂಡೆ ಕಟ್ಟುವಷ್ಟರಲ್ಲಿ ಮಾಸ್ಟರ್ ಎರಡೂ ಕೈಯಲ್ಲಿ ಆರು ಕಟ್ಟಿಟ್ಟಿರುತ್ತಿದ್ದರು. ಅದನ್ನೂ ಹೇಳಿಬಿಡಬೇಕು.)

ಕೆಟ್ಟದ್ದು ಯಾಕೆ ಕೆಟ್ಟಿತು ಎಂದು ಹುಡುಕುವ ದಾರಿ ಓದಿನಿಂದ ಸಿಗುತ್ತದೆ. ಆದರೆ ಕುಸಿದ ಬ್ರೆಡ್ಡನ್ನೇ ಕಾಣದವರಿಗೆ ಆ ಪಾಠ ಪರೀಕ್ಷೆಗೆ ಉರು ಹೊಡೆಯುವ ಸರಕು. ನಾಲ್ಕಾರು ಟ್ರೇ ಹಾಳುಮಾಡಿ ಹೋದರೆ ತರಗತಿಯಲ್ಲಿ ಕೇಳಲು ನಿಮ್ಮ ಹತ್ತಿರ ಪ್ರಶ್ನೆಗಳಿರುತ್ತವೆ. ಜರ್ಮನಿಯಲ್ಲಂತೂ ಇದೋ ಅದೋ ಎಂಬ ಜಗಳವೇ ಇಲ್ಲ: ಬೇಕರ್ ಆಗಬೇಕೆನ್ನುವವರು ಮೂರು ವರ್ಷ ಬೇಕರಿಯಲ್ಲಿ ಭತ್ಯೆ ಪಡೆದು ದುಡಿಯುತ್ತಲೇ ವೃತ್ತಿಶಾಲೆಗೂ ಹೋಗುತ್ತಾರೆ.

ನಿಮ್ಮ ತಂದೆಯವರ ಮಾತನ್ನು ತಳ್ಳಿಹಾಕುವಂತಿಲ್ಲ. ದೊಡ್ಡ ಹೋಟೆಲು, ವಿದೇಶದ ಕೆಲಸ ಎಂದರೆ ಅರ್ಜಿಯ ಜೊತೆ ಸರ್ಟಿಫಿಕೇಟ್ ಕೇಳುವುದುಂಟು. ಚಾಕೊಲೇಟ್ ಕೆಲಸ ನಿಮ್ಮ ಆಸೆಯಾಗಿದ್ದರೂ ಓದೇ ಮುಂದಿರಲಿ. ಡಾರ್ಕ್ ಚಾಕೊಲೇಟನ್ನು 45–50 ಡಿಗ್ರಿಗೆ ಕರಗಿಸಿ, 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಿದರೇ ಹೊಳಪು ಬರುವುದು. ಅಂಥದ್ದನ್ನು ಮಾಲೀಕರ ಸರಕಿನ ಮೇಲೆ ಪ್ರಯೋಗ ಮಾಡಿ ಕಲಿಯಲು ಯಾರು ಬಿಡುತ್ತಾರೆ?

ಬೇಕರಿಯವರನ್ನು ಒಂದು ಮಾತು ಕೇಳಿಕೊಳ್ಳಿ: ಹಿಟ್ಟಿನ ಮೇಜಿಗೆ ಯಾವಾಗ ಬಿಡುತ್ತೀರಿ? ವರ್ಷವಿಡೀ ಟ್ರೇ ತೊಳೆಸಿ, ಡಬ್ಬ ಮಡಿಸಿಸುವ ಜಾಗವಾದರೆ ಅದು ಅನುಭವವಲ್ಲ, ಬರೀ ಕೂಲಿ. ಕೋರ್ಸಿನವರನ್ನು ಕೇಳಬೇಕಾದ್ದೂ ಹೆಚ್ಚುಕಡಿಮೆ ಅದೇ: ಪ್ರತಿಯೊಬ್ಬರೂ ತಾವೇ ನಾದುತ್ತಾರೋ, ಒಬ್ಬರು ನಾದುವುದನ್ನು ಹತ್ತು ಜನ ನೋಡುತ್ತಾರೋ?

ಈ ನಡುವೆ ಕಪ್ಪು, ಚಮಚದ ಅಳತೆ ಬಿಟ್ಟು ತಕ್ಕಡಿ ಹಿಡಿಯಿರಿ. ಬೇಕರಿಯಲ್ಲಿ ಮೈದಾ ಯಾವಾಗಲೂ ನೂರು. ಉಳಿದದ್ದೆಲ್ಲ ಅದರ ಶೇಕಡಾ. ನೀರು 65, ಉಪ್ಪು 2 ಎಂದರೆ 20 ಕಿಲೋ ಮೈದಾಕ್ಕೆ 13 ಕಿಲೋ ನೀರು, 400 ಗ್ರಾಂ ಉಪ್ಪು. ಈ ಲೆಕ್ಕ ಬಾಯಿಗೆ ಬಂದರೆ ಮೊದಲ ದಿನವೇ ಮಾಸ್ಟರ್ ನಿಮ್ಮ ಕಡೆ ತಿರುಗಿ ನೋಡುತ್ತಾರೆ.

ಏಳುವ ಹೊತ್ತು? ಬ್ರೆಡ್ ಬೆಳಿಗ್ಗೆ ಬಿಸಿಯಾಗಿರಬೇಕಾದರೆ ಕೆಲಸ ಎರಡು, ಮೂರು ಗಂಟೆಗೇ ಶುರು. ಏಳುವುದು ಹೇಗೋ ಅಭ್ಯಾಸವಾಗುತ್ತದೆ. ಮನೆಮಂದಿಯೆಲ್ಲ ಟೀವಿ ಮುಂದೆ ನಗುತ್ತಿರುವಾಗ ಏಳು ಗಂಟೆಗೇ ಹೋಗಿ ಮಲಗುವುದಿದೆಯಲ್ಲ, ಅದು ನನಗೆ ಆ ವರ್ಷವಿಡೀ ಸಾಧ್ಯವಾಗಲಿಲ್ಲ.