ನಾರ್ತ್‌ಫೀಲ್ಡ್‌ನಲ್ಲಿ ಶನಿವಾರ ಏನ್ಮಾಡೋದು ಅಂದ್ರಲ್ಲ, ಮ್ಯಾಚ್‌ಗೆ ಹೋಗಿ

ಮಿನ್ನೆಸೋಟಾಗೆ ಹೊಸದಾಗಿ ಬಂದಿದೀರ, ನಾರ್ತ್‌ಫೀಲ್ಡ್‌ನಲ್ಲಿ ಮನೆ, ವೀಕೆಂಡ್ ಬಂದ್ರೆ ಬೇಜಾರು, ಆಫೀಸ್‌ನೋರು ಕಾಲೇಜ್ ಫುಟ್‌ಬಾಲ್‌ಗೆ (ನಮ್ಮ ಕಡೆ ಫುಟ್‌ಬಾಲ್ ಅಲ್ಲ, ಬಾಲ್ ಕೈಲಿ ಹಿಡ್ಕೊಂಡು ಓಡೋ ಅಮೆರಿಕನ್ ಫುಟ್‌ಬಾಲ್) ಬಾ ಅಂತ ಕರೀತಾರೆ, ಆದ್ರೆ ಆ ಆಟದ ತಲೆಬುಡ ಗೊತ್ತಿಲ್ಲ, ಹೋಗ್ಲಾ ಬೇಡ್ವಾ ಅಂತ ಕೇಳಿದೀರ. ಕಣ್ಮುಚ್ಕೊಂಡು ಹೋಗಿ. ನಾನು ಬಂದ ಹೊಸದ್ರಲ್ಲಿ ಟೀವೀಲಿ ಇಲ್ಲಿನ ಪ್ರೊಫೆಷನಲ್ ಟೀಮ್ ವೈಕಿಂಗ್ಸ್ ಮ್ಯಾಚ್ ನೋಡ್ಕೊಂಡು ಕೂತಿದ್ದೆ, ಅದ್ರಿಂದ ಒಂದು ನರಪಿಳ್ಳೆನೂ ಪರಿಚಯ ಆಗ್ಲಿಲ್ಲ, ಸಣ್ಣ ಕಾಲೇಜಿನ ಸ್ಟೇಡಿಯಂ ಬೆಂಚ್ ಮೇಲೆ ಕೂತ ಮೇಲೇನೇ ಊರಿನ ಜನ ಮಾತಾಡ್ಸೋಕೆ ಶುರು ಮಾಡಿದ್ದು.

ನಿಮ್ಮೂರಿನ ಕಾರ್ಲ್‌ಟನ್, ಸೇಂಟ್ ಓಲಾಫ್ ಎರಡೂ ಕಾಲೇಜು ಡಿವಿಷನ್ 3, ಅಂದ್ರೆ ಆಟ ಚೆನ್ನಾಗಿ ಆಡ್ತಾನೆ ಅಂತ ಸ್ಕಾಲರ್‌ಶಿಪ್ ಕೊಡೋ ಹಾಗೇ ಇಲ್ಲ. ಶನಿವಾರ ಮೈಕೈ ನೋವು ಮಾಡ್ಕೊಂಡ ಹುಡುಗ ಸೋಮವಾರ ಲ್ಯಾಬ್‌ಗೆ ಹೋಗ್ಲೇಬೇಕು. ಅದಕ್ಕೇ ಪಕ್ಕದೋರನ್ನ "ಇವ್ನು ಎನ್‌ಎಫ್‌ಎಲ್‌ಗೆ (ದುಡ್ಡು ತಗೊಂಡು ಆಡೋ ದೊಡ್ಡ ಲೀಗ್) ಹೋಗ್ತಾನಾ" ಅಂತ ಕೇಳ್ಬೇಡಿ, "ನಿಮ್ಮ ಕಡೆಯೋರು ಯಾರಾದ್ರೂ ಆಡ್ತಿದಾರಾ" ಅಂತ ಕೇಳಿ ಸಾಕು. ಹೆಚ್ಚುಕಮ್ಮಿ ಅಲ್ಲಿ ಕೂತಿರೋರೆಲ್ಲಾ ಅಪ್ಪ, ಅಮ್ಮ, ಅಜ್ಜಿ, ಹಳೇ ವಿದ್ಯಾರ್ಥಿಗಳೇ, ಮಿಕ್ಕಿದ್ದೆಲ್ಲ ಅವರೇ ಮಾತಾಡ್ತಾರೆ.

ಆಟ ಇಷ್ಟೇ. ನಾಲ್ಕು ಚಾನ್ಸ್‌ನಲ್ಲಿ 10 ಯಾರ್ಡ್ ಮುಂದೆ ಹೋಗ್ಬೇಕು, ಹೋದ್ರೆ ಮತ್ತೆ ನಾಲ್ಕು ಚಾನ್ಸ್, ಇಲ್ಲಾಂದ್ರೆ ಬಾಲ್ ಎದುರು ಟೀಮ್‌ಗೆ. ಕಬಡ್ಡಿ ರೇಡ್ ಥರ ಒಂದೊಂದನ್ನೇ ಬೇರೆ ಬೇರೆಯಾಗಿ ನೋಡಿ, ಆವಾಗ ಅರ್ಥ ಆಗುತ್ತೆ. 60 ನಿಮಿಷದ ಆಟ ಅಂತಾರೆ, ನಂಬಬೇಡಿ, ಮೂರು ಗಂಟೆ ಹತ್ರ ಎಳೆಯುತ್ತೆ. ಯಾರ್ಡ್ ಲೆಕ್ಕ ತಲೆಗೆ ಹತ್ತಲ್ಲ ಅಂದ್ರೆ ಒಂದು ಮಜಾ ಹೇಳ್ತೀನಿ, 1977ರಲ್ಲಿ ಇದೇ ಎರಡು ಕಾಲೇಜು ಗ್ರೌಂಡ್‌ಗೆ ಮೀಟರ್ ಲೆಕ್ಕದಲ್ಲಿ ಗೆರೆ ಎಳೆದು ಒಂದು ಮ್ಯಾಚ್ ಆಡಿದ್ವು, ಹೆಸ್ರು ಲೀಟರ್ ಬೌಲ್, ಸೇಂಟ್ ಓಲಾಫ್ 43-0ಯಿಂದ ಗೆದ್ದಿತ್ತು. ಒಂದೇ ಸಲ ಮಾಡಿ ಬಿಟ್ಬಿಟ್ರು, ನಮ್ಮಂಥೋರ ನಸೀಬು!

ಸೀಸನ್ ಅಂದ್ರೆ ಸೆಪ್ಟೆಂಬರ್‌ನಿಂದ ನವೆಂಬರ್ ಮಧ್ಯದ ತನಕ, 10 ಮ್ಯಾಚ್ ಅಷ್ಟೇ. ಕಾನ್ಫರೆನ್ಸ್, ಅಂದ್ರೆ ತಮ್ಮತಮ್ಮಲ್ಲೇ ಆಡೋ ಕಾಲೇಜುಗಳ ಗುಂಪು, ಅದನ್ನ ಗೆದ್ದೋರು ನ್ಯಾಷನಲ್ ಪ್ಲೇಆಫ್‌ಗೆ ಹೋಗ್ತಾರೆ, ಆದ್ರೆ ಬಹಳಷ್ಟು ಟೀಮ್‌ಗೆ ಅದು ದೂರದ ಮಾತು, ಅವರಿಗೆ ಪಕ್ಕದ ಕಾಲೇಜನ್ನ ಸೋಲ್ಸಿದ್ರೆ ವರ್ಷ ಸಾರ್ಥಕ. ನಿಮ್ಮೂರಲ್ಲಿ ಈ ಎರಡು ಕಾಲೇಜು ಕಿತ್ತಾಡೋದು ಒಂದು ಮರದ ಮೇಕೆಗೆ, ಟ್ರೋಫಿನೇ ಅದು. ಬೇರೆ ಯಾವ್ದು ಮಿಸ್ ಆದ್ರೂ ಆ ಮ್ಯಾಚ್ ಮಾತ್ರ ಮಿಸ್ ಮಾಡ್ಕೋಬೇಡಿ.

ಕಾರ್ ತಗೊಂಡ ಮೇಲೆ ಅಕ್ಟೋಬರ್‌ನಲ್ಲಿ ಒಂದ್ಸಲ ಕಾಲೇಜ್‌ವಿಲ್‌ನ ಸೇಂಟ್ ಜಾನ್ಸ್ ಕಾಲೇಜಿಗೂ ಹೋಗ್ಬನ್ನಿ, ಸ್ಟೇಡಿಯಂ ಸುತ್ತ ಬರೀ ಮರ, ಎಲೆ ಬಣ್ಣ ತಿರುಗಿರೋ ಟೈಮ್. ಜಾನ್ ಗಗ್ಲಿಯಾರ್ಡಿ ಅನ್ನೋರು 1953ರಿಂದ 2012ರ ತನಕ ಅಲ್ಲಿ ಕೋಚ್ ಆಗಿದ್ರು, ಅದಕ್ಕೂ ಮುಂಚಿನ ಕಾಲೇಜಿನದ್ದೂ ಸೇರಿ ಒಟ್ಟು 489 ಗೆಲುವು, ಕಾಲೇಜ್ ಫುಟ್‌ಬಾಲ್‌ನಲ್ಲೇ ಅಷ್ಟು ಯಾರೂ ಗೆದ್ದಿಲ್ಲ. ಅವ್ರು ಪ್ರಾಕ್ಟೀಸ್‌ನಲ್ಲಿ ಟ್ಯಾಕಲ್ (ಎದುರಾಳಿನ ಹಿಡಿದು ಕೆಡವೋದು) ಮಾಡಿಸ್ತಾನೇ ಇರ್ಲಿಲ್ಲ, ವಿಷಲ್ ಇಲ್ಲ, ಹುಡುಗ್ರು ಕೋಚ್ ಅನ್ನೋ ಹಾಗಿಲ್ಲ, ಜಾನ್ ಅಂತಾನೇ ಕರೀಬೇಕು. ನಮ್ಮ ಕಡೆ ಪಿಟಿ ಮೇಷ್ಟ್ರನ್ನ ಹೆಸ್ರು ಹಿಡಿದು ಕರೆದಿದ್ರೆ ಗ್ರೌಂಡ್ ಸುತ್ತ ಓಡಿಸ್ತಿದ್ರು. ಸಣ್ಣ ಕಾಲೇಜು ಅಂತ ಉಡಾಫೆನೂ ಬೇಡ, 2017ರಲ್ಲಿ ಸೇಂಟ್ ಜಾನ್ಸ್, ಅದೇ ಕಾನ್ಫರೆನ್ಸ್‌ನ ಸೇಂಟ್ ಥಾಮಸ್ ಮಿನಿಯಾಪೊಲಿಸ್‌ನ ಟಾರ್ಗೆಟ್ ಫೀಲ್ಡ್ ಸ್ಟೇಡಿಯಂನಲ್ಲಿ ಆಡಿದಾಗ 37,355 ಜನ ಸೇರಿದ್ರು. ಆಮೇಲೆ ಆ ಸೇಂಟ್ ಥಾಮಸ್‌ನ ನೀವು ತುಂಬಾ ದೊಡ್ಡೋರಾದ್ರಿ ಅಂತ ಕಾನ್ಫರೆನ್ಸ್‌ನಿಂದ ಹೊರಗೆ ಹಾಕಿದ್ರು, ಅವ್ರು 2021ರಲ್ಲಿ ಸೀದಾ ಡಿವಿಷನ್ 1ಕ್ಕೆ ಹೋದ್ರು. ನನಗಂತೂ ಅದು ಅನ್ಯಾಯ ಅನ್ಸುತ್ತೆ, ಇಲ್ಲಿ ಹೇಳಿದ್ರೆ ಜಗಳ ಆಗುತ್ತೆ ಅಂತ ಸುಮ್ನಿರ್ತೀನಿ.

ತಿನ್ನೋಕೆ ವೆಜ್ ಆದ್ರೆ ಪಾಪ್‌ಕಾರ್ನ್, ನಾಚೋಸ್ ಅಷ್ಟೇ, ಚಿಲಿ ಅನ್ನೋ ಕಾಳಿನ ಗಟ್ಟಿ ಸಾರಲ್ಲಿ ಸಾಮಾನ್ಯವಾಗಿ ಬೀಫ್ ಇರುತ್ತೆ, ಕೇಳಿ ತಗೊಳ್ಳಿ. ಸೆಪ್ಟೆಂಬರ್‌ನಲ್ಲಿ ಟೋಪಿ ಸಾಕು, ನವೆಂಬರ್‌ನಲ್ಲಿ ಅಲ್ಯೂಮಿನಿಯಂ ಬೆಂಚ್ ಮೇಲೆ ಮಡಚಿದ ಕಂಬಳಿ ಇಲ್ದೆ ಕೂರೋಕೆ ಆಗಲ್ಲ, ಅದನ್ನ ಈಗ್ಲೇ ತಂದಿಟ್ಕೊಳ್ಳಿ. ಮ್ಯಾಚ್ ಸಾಮಾನ್ಯವಾಗಿ ಮಧ್ಯಾಹ್ನ 1 ಗಂಟೆಗೆ, ಕರೆದಿರೋ ಆಫೀಸ್‌ನೋರಿಗೆ ಇವತ್ತೇ ಮೆಸೇಜ್ ಹಾಕಿ.