ತಾಳವಾಡಿ ಕಡೆ ಚಿಕ್ಕ ಹುಡುಗಿಯರ ಮದುವೆ ಹೇಗೆ ನಡೆಯುತ್ತದೆ ಅಂತ ಕೇಳಿದ್ದೀರಲ್ಲ

ಕಾನೂನು ಇದೆ, ಸಹಾಯವಾಣಿ ಇದೆ, ತಮಿಳುನಾಡು ಓದಿನಲ್ಲಿ ಮುಂದಿರುವ ರಾಜ್ಯ ಬೇರೆ. ಆದರೂ ನಿಮ್ಮ ಕಡೆ ಹದಿನಾರು ಹದಿನೇಳಕ್ಕೆ ಮದುವೆ ಮಾಡ್ತಾರಂತೆ, ನಿಜವಾ ಅಂತ ಕೇಳಿದಿರಿ. ನಿಜ. ಮೊದಲಿಗಿಂತ ಕಡಿಮೆ, ಆದರೆ ನಿಂತಿಲ್ಲ. ಯಾಕೆ ನಿಂತಿಲ್ಲ ಅನ್ನೋದು ಗೊತ್ತಾಗಬೇಕಾದರೆ ನಮ್ಮ ಊರು ಎಲ್ಲಿದೆ ಅಂತ ಮೊದಲು ತಿಳಿಯಬೇಕು.

ತಾಳವಾಡಿ ಇರೋದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ, ಬೆಟ್ಟದ ಮೇಲೆ, ಕರ್ನಾಟಕದ ಗಡಿಯಲ್ಲೇ. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಮದ್ರಾಸಿನಲ್ಲೇ ಉಳಿದೆವು. ಮನೆಮಾತು ಕನ್ನಡ. ನೆಂಟರಿಷ್ಟರೆಲ್ಲ ಚಾಮರಾಜನಗರ, ಗುಂಡ್ಲುಪೇಟೆ, ನಂಜನಗೂಡಿನ ಕಡೆ. ಮದುವೆ ಬಟ್ಟೆ ತರೋಕೂ, ಒಡವೆ ಮಾಡಿಸೋಕೂ ಚಾಮರಾಜನಗರಕ್ಕೇ ಹೋಗುತ್ತೇವೆ, ಹತ್ತಿರದ ದಾರಿ. ಸರ್ಕಾರದ ಕೆಲಸ ಅಂದರೆ ಮಾತ್ರ ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ದಾಟಿ, ನೂರು ಕಿಲೋಮೀಟರಿಗೂ ಜಾಸ್ತಿ ಹೋಗಬೇಕು. ತಮಿಳುನಾಡಿನಲ್ಲಿ ಬಾಲ್ಯವಿವಾಹ ತಡೆಯುವ ಅಧಿಕಾರಿ ಅಂದರೆ ಜಿಲ್ಲಾ ಸಮಾಜ ಕಲ್ಯಾಣ ಅಧಿಕಾರಿ. ಅವರು ಕೂರುವುದು ಈರೋಡಿನಲ್ಲಿ. ಹುಡುಗಿ ಬೆಟ್ಟದ ಮೇಲೆ, ಮದುವೆ ಗಡಿಯ ಆ ಕಡೆ, ತಡೆಯಬೇಕಾದವರು ಘಾಟಿಯ ಕೆಳಗೆ.

ಅಂಕಿಸಂಖ್ಯೆ ನೋಡಿದರೆ ನಮ್ಮ ಕಡೆ ಚೆನ್ನಾಗೇ ಇದೆ ಅನ್ನಿಸುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 20ರಿಂದ 24 ವಯಸ್ಸಿನ ಹೆಂಗಸರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಇಡೀ ದೇಶದಲ್ಲಿ ಶೇ. 23.3, ಕರ್ನಾಟಕದಲ್ಲಿ ಶೇ. 21.3, ತಮಿಳುನಾಡಿನಲ್ಲಿ ಶೇ. 12.8. 2005–06ರಲ್ಲಿ ದೇಶದ ಲೆಕ್ಕ ಶೇ. 47.4 ಇತ್ತು. ಇಳಿದಿದೆ, ಸಂತೋಷ. ಆದರೆ ನಾವು ಹೆಣ್ಣು ಕೊಟ್ಟು ಹೆಣ್ಣು ತರೋದು ಘಾಟಿ ಕೆಳಗಿನವರ ಜೊತೆ ಅಲ್ಲ, ಗಡಿಯ ಆ ಕಡೆ ಕರ್ನಾಟಕದವರ ಜೊತೆ. ರಾಜ್ಯದ ಲೆಕ್ಕ ನೋಡಿ ನಮ್ಮ ಊರನ್ನು ಅಳೆಯೋಕೆ ಆಗಲ್ಲ.

ಮದುವೆ ಮಾತು ಶುರುವಾಗೋದು ಸಾಮಾನ್ಯವಾಗಿ ಹುಡುಗಿ ಮೈನೆರೆದಾಗ. ಸೋದರಮಾವ ಹಸಿ ಸೊಪ್ಪು ತಂದು ಗುಡ್ಲು ಹಾಕುತ್ತಾನೆ. ಹುಡುಗಿಯನ್ನು ಅದರಲ್ಲಿ ಕೂರಿಸುತ್ತಾರೆ, ಚಿಗಳಿ, ಕೊಬ್ಬರಿ ಬೆಲ್ಲ ಕೊಡುತ್ತಾರೆ, ಕೊನೆಗೆ ಆರತಿ. ಆ ಶಾಸ್ತ್ರದಲ್ಲಿ ನನಗೇನೂ ತಪ್ಪು ಕಾಣಲ್ಲ. ತಪ್ಪು ಇರೋದು ಆರತಿ ಮುಗಿದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಾಗ ಬರುವ ಮಾತಿನಲ್ಲಿ. "ಹೊರಗೆ ಯಾಕೆ ಹುಡುಕ್ತೀರಿ, ಮನೇಲೇ ಗಂಡಿದೆಯಲ್ಲ." ಅಕ್ಕನ ಮಗಳನ್ನು ತಮ್ಮನಿಗೆ ಕೊಡೋದು ನಮ್ಮಲ್ಲಿ ಹಳೇ ರೂಢಿ. ಗಂಡಿಗೆ ಇಪ್ಪತ್ತೆಂಟು, ಹುಡುಗಿ ಒಂಬತ್ತನೇ ಕ್ಲಾಸು. ಜಮೀನು ಹೊರಗೆ ಹೋಗಲ್ಲ, ವರದಕ್ಷಿಣೆ ಕೇಳಲ್ಲ, ಮಗಳು ಅಜ್ಜಿ ಮನೆಗೇ ಹೋಗ್ತಾಳೆ. ಅಪ್ಪ ಅಮ್ಮನಿಗೆ ಇದು ಅನ್ಯಾಯ ಅಂತ ಅನ್ನಿಸೋದೇ ಇಲ್ಲ. ಅವಳನ್ನು ಯಾರೂ ಕೇಳಲ್ಲ, ಅಷ್ಟೆ.

ಇದರ ಜೊತೆ ಭಯ ಬೇರೆ. ಅಪ್ಪ ಅಮ್ಮ ಕೂಲಿಗೆ ಹೋದರೆ ಮನೆಯಲ್ಲಿ ಅವಳೊಬ್ಬಳೇ. ಫೋನು ಕೈಗೆ ಬಂದಿದೆ, ಯಾರ ಜೊತೆಯೋ ಓಡಿ ಹೋದರೆ ಅನ್ನೋ ಭಯ. ನನ್ನ ಲೆಕ್ಕದಲ್ಲಿ ಈಗ ಬಡತನಕ್ಕಿಂತ ಈ ಭಯವೇ ಜಾಸ್ತಿ ಮದುವೆ ಮಾಡಿಸುತ್ತಿದೆ.

ಇನ್ನು ಗಡಿಯ ವಿಷಯ. ನಮ್ಮ ಬೀದಿಯಲ್ಲೇ ಆಗಿದ್ದು ಹೇಳುತ್ತೇನೆ. ಒಂಬತ್ತನೇ ಕ್ಲಾಸ್ ಮುಗಿಸಿದ ಹುಡುಗಿ. ಅಪ್ಪ ಶಾಲೆಗೆ ಹೋಗಿ ಟಿಸಿ ಕೇಳಿದರು. "ಆ ಕಡೆ ಸೇರಿಸ್ತೀವಿ ಸಾರ್, ಅವಳ ಅಜ್ಜಿ ಮನೇಲಿ ಇದ್ದು ಓದ್ತಾಳೆ." ಇಲ್ಲಿ ಇದು ದಿನಾ ನಡೆಯುವ ಮಾತು. ಕನ್ನಡದಲ್ಲೇ ಮುಂದೆ ಓದಲಿ ಅಂತ ಮಕ್ಕಳನ್ನು ಕರ್ನಾಟಕಕ್ಕೆ ಕಳಿಸುವವರು ಬೇಕಾದಷ್ಟಿದ್ದಾರೆ. ಟಿಸಿ ಕೊಟ್ಟರೆ ಇಲ್ಲಿನ ಪಟ್ಟಿಯಿಂದ ಹೆಸರು ಹೋಗುತ್ತದೆ. ಆ ಕಡೆಯವರಿಗೆ ಅವಳು ಯಾರೂ ಅಲ್ಲ. ಅಲ್ಲಿದ್ದಾಳೆ ಅಂತ ಇಲ್ಲಿನವರು ಸುಮ್ಮನಿರುತ್ತಾರೆ, ಬಂದೇ ಇಲ್ಲದವಳನ್ನು ಅಲ್ಲಿನವರು ಹುಡುಕಲ್ಲ. ಎರಡು ತಿಂಗಳು ಬಿಟ್ಟು, ಕಾರ್ಡು ಮಾಡಿಸದೆ, ಚಪ್ಪರ ಹಾಕದೆ, ನೆಂಟರ ಮನೆಯಲ್ಲಿ ಬೆಳಗಿನ ಜಾವ ತಾಳಿ ಕಟ್ಟಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ?

ಆ ಹುಡುಗಿಯ ಟೀಚರ್ ಸುಮ್ನೆ ಟಿಸಿ ಕೊಡಲಿಲ್ಲ. ಯಾವ ಶಾಲೆ ಅಂತ ಕೇಳಿದರು, ಅಲ್ಲಿಯ ಹೆಡ್ಮಾಸ್ಟರಿಗೆ ಫೋನ್ ಮಾಡಿದರು. ಯಾರೂ ಬಂದು ಕೇಳಿಯೇ ಇರಲಿಲ್ಲ. ಸಂಜೆ ಅಂಗನವಾಡಿ ಅಮ್ಮನನ್ನು ಕರೆದುಕೊಂಡು ಮನೆಗೆ ಬಂದರು. ಪೊಲೀಸ್ ಅನ್ನೋ ಮಾತೇ ಎತ್ತಲಿಲ್ಲ. ಅಪ್ಪನ ಹತ್ತಿರಾನೂ ಅಲ್ಲ, ಈ ಮನೆಯಲ್ಲೇ ಇದ್ದ ಇನ್ನೊಬ್ಬ ಅಜ್ಜಿ ಹತ್ತಿರ ಕೂತು ಮಾತಾಡಿದರು. "ಅಜ್ಜಿ, ನಿಮಗೆ ಮೊದಲ ಹೆರಿಗೆ ಆದಾಗ ಎಷ್ಟು ವಯಸ್ಸು?" ಅಜ್ಜಿ ತುಂಬಾ ಹೊತ್ತು ಮಾತಾಡಿದರು. ಮೊದಲೆರಡು ಮಕ್ಕಳು ಉಳಿಯಲಿಲ್ಲ ಅನ್ನೋದನ್ನು ಆ ಮನೆಯ ಗಂಡಸರು ಅವತ್ತೇ ಪೂರ್ತಿ ಕೇಳಿದ್ದು ಅನ್ನಿಸುತ್ತೆ. ಮದುವೆ ಮುಂದಕ್ಕೆ ಹೋಯಿತು.

ಕೇಸ್ ಹಾಕಿದರೆ ಮುಗೀತಲ್ವಾ ಅಂತಲೂ ಕೇಳಿದಿರಿ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಲ್ಲಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಮಾಡಿಸಿದವರಿಗೂ ಶಿಕ್ಷೆ, ಹೋಗಿ ಅಕ್ಷತೆ ಹಾಕಿದವರಿಗೂ ಶಿಕ್ಷೆ. ಆದರೆ ಇಲ್ಲೂ ಗಡಿ ಅಡ್ಡ ಬರುತ್ತದೆ. ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಅಂದಿದೆ. ತಮಿಳುನಾಡಿನಲ್ಲಿ ಹಾಗಿಲ್ಲ. ಹುಡುಗಿಯೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು, ಅದೂ 18 ತುಂಬಿ ಎರಡು ವರ್ಷದೊಳಗೆ. ಅಷ್ಟರಲ್ಲಿ ಅವಳ ಕಂಕುಳಲ್ಲಿ ಮಗು ಇರುತ್ತದೆ.

ಮದುವೆ ಆದ ಮೇಲೆ ಬರುವ ಕೇಸಿನಿಂದ ಹುಡುಗಿಗೇ ಜಾಸ್ತಿ ತೊಂದರೆ ಆಗೋದನ್ನು ನೋಡಿದ್ದೇನೆ. ಹದಿನೇಳರ ಬಸುರಿ ಆಸ್ಪತ್ರೆಗೆ ಬಂದರೆ ಡಾಕ್ಟರು ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯಿದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಗಂಡ ಜೈಲಿಗೆ ಹೋಗ್ತಾನೆ ಅಂತ ಮನೆಯವರು ಅವಳನ್ನು ಆಸ್ಪತ್ರೆಗೇ ತೋರಿಸಲ್ಲ. ರಕ್ತ ಕಮ್ಮಿ ಇರೋ ಹುಡುಗಿ ಏಳು ತಿಂಗಳವರೆಗೆ ಒಂದು ಮಾತ್ರೆ ಇಲ್ಲದೆ ಇರುತ್ತಾಳೆ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ, ಶಿಕ್ಷೆಗಿಂತ ಮೊದಲು ತಡೆಯುವ ಕೆಲಸ ಆಗಲಿ ಅಂತ ಹೇಳಿದೆ.

ಓದುವ ಹುಡುಗಿಗೆ ದುಡ್ಡು ಸಿಗುವ ಯೋಜನೆಯೂ ಇದೆ. ಮದುವೆಗೆ ತಾಳಿಯ ಚಿನ್ನ ಕೊಡುತ್ತಿದ್ದ ತಮಿಳುನಾಡು ಸರ್ಕಾರ 2022ರಲ್ಲಿ ಅದನ್ನು ಬದಲಾಯಿಸಿ 'ಪುದುಮೈ ಪೆಣ್' ಅಂತ ಮಾಡಿತು. ಕಾಲೇಜು ಓದುವ ಹುಡುಗಿಗೆ ತಿಂಗಳಿಗೆ 1,000 ರೂಪಾಯಿ. ಒಳ್ಳೆಯ ಯೋಜನೆ. ಆದರೆ ಆರರಿಂದ ಹನ್ನೆರಡನೇ ಕ್ಲಾಸಿನವರೆಗೆ ತಮಿಳುನಾಡಿನ ಸರ್ಕಾರಿ ಶಾಲೆಯಲ್ಲೋ ಸರ್ಕಾರದ ಅನುದಾನ ಪಡೆಯುವ ತಮಿಳು ಮಾಧ್ಯಮದ ಶಾಲೆಯಲ್ಲೋ ಓದಿರಬೇಕು. ಪಿಯುಸಿಗೆ ಚಾಮರಾಜನಗರಕ್ಕೆ ಹೋದ ನಮ್ಮ ಹುಡುಗಿಗೆ ಅದು ತಪ್ಪಿಹೋಗುತ್ತದೆ. ಗಡಿನಾಡಿನ ಹುಡುಗಿಯರಿಗೆ ಈ ನಿಯಮ ಸಡಿಲ ಮಾಡಬೇಕು ಅಂತ ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನಿಮ್ಮ ನೆಂಟರ ಪೈಕಿ ಇಂಥ ಮದುವೆ ಸುದ್ದಿ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹುಡುಗಿಯ ಊರು ಯಾವ ಜಿಲ್ಲೆ, ತಾಳಿ ಕಟ್ಟುವ ಜಾಗ ಯಾವ ಜಿಲ್ಲೆ, ಎರಡನ್ನೂ ಹೇಳಿ. ಒಂದನ್ನೇ ಹೇಳಿದರೆ ಅದು ನಮ್ಮ ವ್ಯಾಪ್ತಿಗೆ ಬರಲ್ಲ ಅನ್ನೋ ಉತ್ತರ ಬರಬಹುದು. ಅವಳು ಓದಿದ ಶಾಲೆಯ ಹೆಸರನ್ನೂ ಹೇಳಿ, ವಯಸ್ಸಿಗೆ ದಾಖಲೆ ಸಿಗೋದು ಅಲ್ಲೇ.